ಪೆಂಬರ್ಟನ್ ಸಾಹೇಬರ ಪ್ಲೀಸ್

ಇಲಾಖೆಯ ಹೆಸರು ಹೇಳುವುದಿಲ್ಲ. ಪೆನ್ಷನ್ ಇನ್ನೂ ಬರುತ್ತಿದೆ, ಬರುತ್ತಿರಲಿ. ಪುಣೆಯ ಒಂದು ಸರ್ಕಾರಿ ಕಚೇರಿ, ಅದರಲ್ಲಿ ಮಾರ್ತಾಂಡರಾವ್ ಎಂಬ ನಾನು ಹೆಡ್ ಕ್ಲರ್ಕ್. ಇಷ್ಟು ತಿಳಿದರೆ ಸಾಕು.

ನನ್ನನ್ನು ಸಂಶಯದ ಪ್ರಾಣಿ ಎನ್ನುವವರು ಇದ್ದಾರೆ. ಎನ್ನಲಿ. ಮೂವತ್ತು ವರ್ಷ ಇನ್ನೊಬ್ಬರ ಅರ್ಜಿ ಓದಿ ಹೊಟ್ಟೆ ಹೊರೆದವನು ಸಂಶಯ ಪಡದೆ ಇನ್ನೇನು ಮಾಡಬೇಕು? ಹಾಲಿನವನು ನಗುತ್ತ ಬಂದರೆ ನಾನು ಮೊದಲು ಚರಿಗೆಯೊಳಗೆ ಇಣುಕುತ್ತೇನೆ, ಆಮೇಲೆ ಅವನ ಮುಖ ನೋಡುತ್ತೇನೆ. ಸುಮ್ಮಸುಮ್ಮನೆ ಯಾರೂ ನಗುವುದಿಲ್ಲ. ಸಾಹೇಬರಂತೂ ನಗುವುದೇ ಇಲ್ಲ.

ಸಾಹೇಬರು ನಮ್ಮೊಡನೆ ಮಾತಾಡುವುದು ಬಾಯಿಂದಲ್ಲ, ಕಾಗದದ ಅಂಚಿನಲ್ಲಿ. ಕಚೇರಿಯ ಪ್ರತಿಯೊಂದು ಹಾಳೆಯ ಎಡಕ್ಕೆ ನಾಲ್ಕು ಬೆರಳು ಜಾಗ ಮಡಚಿ ಬಿಟ್ಟಿರುತ್ತೇವೆ. ಆ ಜಾಗದಲ್ಲಿ ಅವರು ಪೆನ್ಸಿಲಿನಿಂದ ಒಂದೋ ಎರಡೋ ಶಬ್ದ ಗೀಚುತ್ತಾರೆ. ‘ಸ್ಪೀಕ್’ ಎಂದರೆ ಬಂದು ಮಾತಾಡು. ‘ಪುಟ್ ಅಪ್’ ಎಂದರೆ ಹಿಂದಿನ ಕಾಗದ ಹುಡುಕಿ ಮುಂದಿಡು. ‘ನಾನ್ಸೆನ್ಸ್’ ಎಂದರೆ ಬೇರೆ ಹೇಳಬೇಕಾಗಿಲ್ಲ. ಆರು ಜನ ಸಾಹೇಬರ ಕೈಕೆಳಗೆ ನಾನು ಈ ಅಂಚು ಓದಿಕೊಂಡೇ ಬದುಕಿದ್ದೆ, ಸುಖವಾಗಿಯೇ ಇದ್ದೆ. ಏಳನೆಯವರಾಗಿ ಪೆಂಬರ್ಟನ್ ಸಾಹೇಬರು ಬಂದದ್ದು ಮೂವತ್ತೊಂದನೆಯ ಇಸವಿಯ ಜೂನಿನಲ್ಲಿ.

ಬಂದ ವಾರವೇ ನನ್ನ ಒಂದು ಫೈಲು ತಿರುಗಿ ಬಂತು. ಅಂಚಿನಲ್ಲಿ ದುಂಡಗಿನ ಅಕ್ಷರ: ‘ಪ್ಲೀಸ್ ಸ್ಪೀಕ್.’

ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಪ್ಲೀಸ್ ಅಂತಲೇ ಇತ್ತು. ಮರುದಿನ ‘ಪ್ಲೀಸ್ ಪುಟ್ ಅಪ್.’ ಅದರ ಮರುದಿನ ‘ಪ್ಲೀಸ್ ಸೀ ಮಿ ಅಟ್ ಥ್ರೀ.’ ಒಳಗೆ ಹೋದರೆ ಕುರ್ಚಿ ತೋರಿಸಿ, ಪ್ಲೀಸ್ ಕುಳಿತುಕೊಳ್ಳಿ ಎಂದರು. ಮೂವತ್ತು ವರ್ಷದಲ್ಲಿ ಆ ಕೋಣೆಯ ಕುರ್ಚಿಗೆ ನನ್ನ ಬೆನ್ನು ತಾಗಿರಲಿಲ್ಲ. ಕುಳಿತೆ, ಆದರೆ ಅರ್ಧ ಕುಂಡೆಯಲ್ಲಿ.

ಶಬ್ದದ ಅರ್ಥ ನನಗೆ ಗೊತ್ತಿರಲಿಲ್ಲವೆಂದಲ್ಲ. ಧಾರವಾಡದ ಸಾಲೆಯಲ್ಲಿ ಮಾಸ್ತರರು ಪ್ಲೀಸ್ ಎಂದರೆ ‘ದಯಮಾಡಿ’ ಎಂದು ಬಾಯಿಪಾಠ ಮಾಡಿಸಿದ್ದರು. ನಮ್ಮಲ್ಲಿ ದಯಮಾಡಿ ಎನ್ನುವುದು ಯಾರಿಗೆ? ಅರ್ಜಿ ಬರೆಯುವಾಗ ಸರ್ಕಾರಕ್ಕೆ. ಲಗ್ನಪತ್ರಿಕೆಯಲ್ಲಿ ಊರ ಮಂದಿಗೆ. ಕೈಕೆಳಗಿನ ಆಳಿಗೆ ಯಾರೂ ಹಾಗೆನ್ನುವುದಿಲ್ಲ, ಮನೆಯವರಿಗೂ ಅನ್ನುವುದಿಲ್ಲ. ಹಾಗಾದರೆ ನನಗೇಕೆ?

ಇನ್ನೊಂದು ಸಂಗತಿ ತಲೆ ಕೊರೆಯುತ್ತಿತ್ತು. ಸರ್ಕಾರಿ ನೌಕರಿಯಲ್ಲಿ ಆ ಶಬ್ದವನ್ನು ನಾನು ಅದಕ್ಕೆ ಮೊದಲು ಒಂದೇ ಒಂದು ಕಡೆ ನೋಡಿದ್ದೆ. ಪಕ್ಕದ ಕಚೇರಿಯ ಹಿರಿಯ ಗುಮಾಸ್ತನೊಬ್ಬನನ್ನು ಮನೆಗೆ ಕಳಿಸಿದಾಗ ಅವನಿಗೆ ಕೊಟ್ಟ ಕಾಗದದಲ್ಲಿ. ‘ಪ್ಲೀಸ್ ಹ್ಯಾಂಡ್ ಓವರ್ ಚಾರ್ಜ್.’ ಇದ್ದಷ್ಟು ದಿನ ಗದರಿಸಿಕೊಂಡೇ ದುಡಿದವನಿಗೆ ಹೋಗುವ ದಿನ ಮಾತ್ರ ಪ್ಲೀಸ್ ಸಿಕ್ಕಿತ್ತು.

ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿಯ ಮುಂದೆ ಇದನ್ನೆಲ್ಲ ಹೇಳಿದೆ. ಗೋದಾ ಭಕ್ರಿ ಬಡಿಸುತ್ತ ಕೇಳಿಸಿಕೊಂಡಳು.

“ಸಾಹೇಬ್ರು ಮರ್ಯಾದಿಂದ ಮಾತಾಡ್ಸಿದ್ರ ಅದರಾಗ ತಪ್ಪೇನದ?” ಎಂದಳು.

“ನಾ ನಿನಗ ಎಂದಾರ ದಯಮಾಡಿ ನೀರ ಕೊಡು ಅಂದೀನೇನು?”

“ಇಲ್ಲ. ನೀರೂ ಅನ್ನೂದಿಲ್ಲ, ಬರೇ ತಂಬಗಿ ಕುಟ್ಟತೀರಿ.”

“ನಾಳೆ ಒಮ್ಮೆಲೆ ಹಂಗ ಅಂದ್ರ ನೀ ಏನ ತಿಳಕೋತಿ?”

ಗೋದಾ ಇನ್ನೊಂದು ಭಕ್ರಿ ಹಾಕಿದಳು. “ಮೈಯಾಗ ಛಲೋ ಇಲ್ಲ ಅಂತ ತಿಳಕೋತೀನಿ. ಇಲ್ಲಾ, ಏನೋ ಮಾಡಿ ಬಂದೀರಿ ಅಂತ.”

ಸರಿಯಾದ ಮಾತು. ಸಾಹೇಬರೂ ಏನೋ ಮಾಡಲು ಹೊರಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಏನು ಎಂಬುದು ಜುಲೈಯಲ್ಲಿ ತಿಳಿಯಿತು. ಮಳೆಗಾಲಕ್ಕೆ ಮುಂಬಯಿ ಸರ್ಕಾರವೇ ಗಂಟುಮೂಟೆ ಕಟ್ಟಿಕೊಂಡು ಪುಣೆಗೆ ಬರುತ್ತಿದ್ದ ಕಾಲ ಅದು. ಜೊತೆಗೆ ಸುದ್ದಿಗಳೂ ಬರುತ್ತಿದ್ದವು. ಖಜಾನೆ ಬರಿದಾಗಿದೆ, ಕಚೇರಿಗೊಂದರಂತೆ ಹುದ್ದೆ ಕಡಿಯುತ್ತಾರೆ ಎಂಬುದು ಆ ವರ್ಷದ ಸುದ್ದಿ. ನಮ್ಮ ಕಚೇರಿಯಲ್ಲಿ ಕಾಯಮ್ ಗುಮಾಸ್ತರು ಇಬ್ಬರೇ, ನಾನು ಮತ್ತು ದಿಗಂಬರ. ಇಬ್ಬರಲ್ಲಿ ಒಬ್ಬ ಹೋಗಬೇಕು.

ನನಗೆ ಐವತ್ತೆರಡು. ಪೂರ್ತಿ ಪೆನ್ಷನ್ನಿಗೆ ಮೂರು ವರ್ಷ ಬಾಕಿ. ಮಗಳು ನೀರಜಾಳ ಲಗ್ನ ಮಾಘ ಮಾಸಕ್ಕೆ ಗೊತ್ತಾಗಿತ್ತು, ಹುಡುಗಿಯ ತಂದೆ ಸರ್ಕಾರಿ ಹೆಡ್ ಕ್ಲರ್ಕ್ ಎಂದೇ ಬೀಗರು ಒಪ್ಪಿದ್ದರು. ಮಾಘಕ್ಕೆ ಮೊದಲು ನಾನು ಮನೆಯಲ್ಲಿ ಕುಳಿತರೆ ಅವರು ಒಂದು ನೆಪ ಹುಡುಕಿ ಹಿಂದೆ ಸರಿಯುತ್ತಾರೆ. ಇದು ಸಂಶಯವಲ್ಲ, ಜನ ಹಾಗೇ ಇರುತ್ತಾರೆ.

ದಿಗಂಬರನ ಬಗ್ಗೆ ಹೇಳಬೇಕು. ಬೆಳಗಾವಿ ಕಡೆಯವನು, ಮೂವತ್ತನಾಲ್ಕು ವರ್ಷ, ತೆಳ್ಳಗಿನ ಆಳು. ಅವನನ್ನು ಕೆಲಸಕ್ಕೆ ಹಚ್ಚಿದವನು ನಾನು, ಡ್ರಾಫ್ಟ್ ಬರೆಯಲು ಕಲಿಸಿದವನೂ ನಾನು. ಸದಾಶಿವ ಪೇಠೆಯ ನಮ್ಮ ವಾಡೆಯಲ್ಲೇ, ಅಂಗಳದ ಆಚೆ ಬದಿಯ ಎರಡು ಖೋಲಿಗಳಲ್ಲಿ ಹೆಂಡತಿ ಇಂದೂ ಜೊತೆ ಇದ್ದ. ಕಚೇರಿಯಲ್ಲಿ ನನ್ನನ್ನು ‘ರಾಯರ’ ಎನ್ನುವನು, ವಾಡೆಯ ಬಾಗಿಲು ದಾಟಿದ ಕೂಡಲೆ ‘ಅಣ್ಣಾ’. ಗೋದಾಳನ್ನು ಅತ್ತಿಗೆಯೆಂಬಂತೆ ‘ವೈನಿ’ ಎಂದು ಕರೆದು, ಹೇಳದೆ ಕೇಳದೆ ಅಡಿಗೆಮನೆಗೆ ನುಗ್ಗಿ ಶೇಂಗಾ ಚಟ್ನಿಯ ಡಬ್ಬಿಗೆ ಕೈ ಹಾಕುವನು. ನಾನೂ ಅವನ ಮನೆಗೆ ಹೋದರೆ ಕೊಡದೊಳಗಿನ ನೀರು ನಾನೇ ಮೊಗೆದುಕೊಂಡು ಕುಡಿದು, ಗೋಡೆಗೆ ಒರಗಿ ಕಾಲು ಚಾಚುತ್ತಿದ್ದೆ. ನೀರಜಾಳ ಲಗ್ನದ ಓಡಾಟವೆಲ್ಲ ತನ್ನದು ಎಂದು ಅವನೇ ಹೇಳಿಕೊಂಡಿದ್ದ.

ಇಂಥವನ ಫೈಲುಗಳನ್ನು ನಾನು ತೆಗೆದು ನೋಡತೊಡಗಿದೆ. ಅವನು ಊಟದ ಡಬ್ಬಿ ಬಿಚ್ಚಲು ಹೊರಗೆ ಹೋದಾಗ ಒಂದೊಂದಾಗಿ ತೆಗೆದು ಅಂಚು ಓದಿದೆ. ‘ಸ್ಪೀಕ್.’ ‘ಪುಟ್ ಅಪ್.’ ‘ಟೂ ಲಾಂಗ್.’ ಎಲ್ಲೂ ಪ್ಲೀಸ್ ಇಲ್ಲ. ಹದಿನಾರು ಫೈಲುಗಳಲ್ಲಿ ಒಂದರಲ್ಲೂ ಇಲ್ಲ. ಅವನು ಉಳಿಯುವವನು, ಅದಕ್ಕೇ ಅವನನ್ನು ಗದರಿಸುತ್ತಾರೆ. ನಾನು ಹೋಗುವವನು, ಅದಕ್ಕೇ ನನಗೆ ಉಪಚಾರ. ಆವತ್ತು ಊಟದ ಡಬ್ಬಿಯನ್ನು ಬಿಚ್ಚದೆ ಹಾಗೇ ಮನೆಗೆ ತಂದೆ.

ಆಗಸ್ಟಿನಲ್ಲಿ ಸಾಹೇಬರು ನನ್ನ ವಯಸ್ಸು ಕೇಳಿದರು. ಸರ್ವಿಸ್ ಪುಸ್ತಕ ತರಿಸಿಕೊಂಡು ಎರಡು ದಿನ ಇಟ್ಟುಕೊಂಡರು. ಅದೇ ವಾರ ರವಿವಾರ ಬೆಳಿಗ್ಗೆ ದಿಗಂಬರ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೊರಟದ್ದನ್ನು ಜಗಲಿಯಿಂದ ನೋಡಿದೆ.

“ಎಲ್ಲಿಗೆ?” ಎಂದೆ.

“ಹಿಂಗs ಕ್ಯಾಂಪಿನ ಕಡೆ, ಅಣ್ಣಾ. ಸಣ್ಣ ಕೆಲಸ ಅದ,” ಎಂದು ಮುಖ ತಪ್ಪಿಸಿದ.

ಕ್ಯಾಂಪಿನಲ್ಲಿ ಅವನಿಗೇನು ಕೆಲಸ? ಸಾಹೇಬರ ಬಂಗಲೆ ಅಲ್ಲಿತ್ತು. ಮುಂದಿನ ರವಿವಾರವೂ ಹೋದ. ಬಂದವನು ಅಡಿಗೆಮನೆಗೆ ಹೋಗಿ ಗೋದಾಳೊಡನೆ ನಗುತ್ತ ಅವಲಕ್ಕಿ ತಿಂದ. ನನ್ನ ಮನೆಯ ಅವಲಕ್ಕಿ ತಿಂದು ನನ್ನ ಬುಡಕ್ಕೇ ಕೊಡಲಿ ಇಡುತ್ತಿದ್ದಾನೆ ಎಂದು ನನ್ನ ಮೈ ಉರಿಯಿತು. ಸುಳ್ಳು ಹೇಳುವುದಿಲ್ಲ, ಆ ಕ್ಷಣ ಅವನ ಕುತ್ತಿಗೆ ಹಿಡಿದು ಅಂಗಳಕ್ಕೆ ದಬ್ಬಬೇಕೆನ್ನಿಸಿತು.

ದಬ್ಬಲಿಲ್ಲ. ಅದಕ್ಕಿಂತ ಕೀಳು ಕೆಲಸ ಮಾಡಿದೆ.

ಸೆಪ್ಟೆಂಬರಿನ ಒಂದು ರವಿವಾರ ಮಧ್ಯಾಹ್ನ ಗೋದಾ, ನೀರಜಾ ಪರ್ವತಿ ದೇವಸ್ಥಾನಕ್ಕೆ ಹೋಗಿದ್ದರು. ಕದ ಮುಂದೆ ಮಾಡಿ, ಬಜಾರಿನಿಂದ ತಂದ ಅಗ್ಗದ ಕಾಗದ ತೆಗೆದೆ. ಎಡಗೈಯಲ್ಲಿ ಟಾಕು ಹಿಡಿದು ಇಂಗ್ಲಿಷಿನಲ್ಲಿ ಒಂದು ಮೂಗರ್ಜಿ ಬರೆದೆ. ಕೆಳಗೆ ಸಹಿ ‘ಒಬ್ಬ ರಾಜನಿಷ್ಠ ಪ್ರಜೆ’. ಮೂರು ಪ್ಯಾರಾ. ತಮ್ಮ ಕಚೇರಿಯ ಎರಡನೆಯ ಗುಮಾಸ್ತ ಚಳವಳಿಯವರು ಬೆಳಗಿನಲ್ಲಿ ಹಾಡುತ್ತ ಹೊರಡುವ ಪ್ರಭಾತ ಫೇರಿಗಳಲ್ಲಿ ಕಾಣಿಸಿಕೊಳ್ಳುತ್ತಾನೆ, ಮನೆಯಲ್ಲಿ ಖಾದಿ ಉಡುತ್ತಾನೆ, ಕಚೇರಿಯ ಸಂಗತಿಗಳನ್ನು ಚಳವಳಿಯವರಿಗೆ ತಿಳಿಸುತ್ತಾನೆ. ಮೊದಲನೆಯದು ಕಾಲುಭಾಗ ನಿಜ. ಒಂದು ದಿನ ಫೇರಿ ನಮ್ಮ ಓಣಿಯಲ್ಲಿ ಬಂದಾಗ ಅವನು ಹಲ್ಲುಜ್ಜುತ್ತ ನಿಂತು ನೋಡಿದ್ದ. ನಾನೂ ಪಕ್ಕದಲ್ಲೇ ನಿಂತಿದ್ದೆ. ಉಳಿದದ್ದೆಲ್ಲ ನನ್ನ ಸೃಷ್ಟಿ. ಆ ಕಾಲದಲ್ಲಿ ಸರ್ಕಾರಿ ನೌಕರನ ಹೊಟ್ಟೆಯ ಮೇಲೆ ಹೊಡೆಯಲು ಅಷ್ಟು ಸಾಕಿತ್ತು. ನಮ್ಮ ಪೇಠೆಯಲ್ಲಿ ಹಾಕಿದರೆ ಗುರುತು ಸಿಕ್ಕೀತೆಂದು ಕ್ಯಾಂಪಿನವರೆಗೆ ನಡೆದುಹೋಗಿ ಅಲ್ಲಿಯ ಟಪಾಲು ಪೆಟ್ಟಿಗೆಯಲ್ಲಿ ಹಾಕಿ ಬಂದೆ.

ಮಂಗಳವಾರ ಟಪಾಲು ಬಂತು. ಬಂದ ಟಪಾಲು ಒಡೆದು ರಿಜಿಸ್ಟರಿನಲ್ಲಿ ಏರಿಸುವ ಕೆಲಸ ದಿಗಂಬರನದೇ. ಇದು ನನಗೆ ಹೊಳೆದಿರಲಿಲ್ಲವೆಂದಲ್ಲ. ಓದಲಿ, ಹೆದರಲಿ ಎಂದೂ ಒಳಗೊಳಗೇ ಅನ್ನಿಸಿತ್ತು. ನಾನು ಫೈಲಿನ ಮರೆಯಿಂದ ನೋಡುತ್ತಲೇ ಇದ್ದೆ. ಅವನು ಲಕೋಟೆ ಸೀಳಿದ, ಓದಿದ. ಮುಖದ ರಕ್ತ ಇಳಿಯಿತು. ಮತ್ತೊಮ್ಮೆ ಓದಿದ. ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಹರಿದು ಜೇಬಿಗೆ ಹಾಕಿಕೊಂಡಾನು ಎಂದು ಕಾದೆ. ಹಾಗೆ ಮಾಡಿದ್ದರೆ ಅವನನ್ನು ಹಿಡಿಯುವುದು ಇನ್ನೂ ಸುಲಭವಾಗುತ್ತಿತ್ತು. ಅವನು ಠಸ್ಸೆ ಹೊಡೆದು, ನಂಬರ್ ಕೊಟ್ಟು, ತನ್ನ ಮೇಲಿನ ಅರ್ಜಿಯನ್ನು ತಾನೇ ರಿಜಿಸ್ಟರಿಗೆ ಏರಿಸಿ, ಉಳಿದ ಟಪಾಲಿನ ಜೊತೆ ಸಾಹೇಬರ ಟೇಬಲ್ಲಿಗೆ ಇಟ್ಟು ಬಂದ.

ಒಂದು ತಾಸಿನಲ್ಲಿ ಅದು ನನ್ನ ಮುಂದೆ ಬಂತು. ಅಂಚಿನಲ್ಲಿ ಅದೇ ದುಂಡಗಿನ ಅಕ್ಷರ: ‘ಹೆಡ್ ಕ್ಲರ್ಕ್. ಈ ಮನುಷ್ಯ ನಿಮಗೆ ಗೊತ್ತು. ಪ್ಲೀಸ್, ನಿಮ್ಮ ಅಭಿಪ್ರಾಯ ತಿಳಿಸಿ.’

ನನ್ನ ಅರ್ಜಿಯ ಮೇಲೆ ನನ್ನದೇ ಅಭಿಪ್ರಾಯ. ಇದು ನಿಜ ಎಂದು ಒಂದು ಸಾಲು ಬರೆದರೆ ದಿಗಂಬರ ಹೋದ, ನಾನು ಉಳಿದೆ. ಟಾಕು ಮಸಿಯಲ್ಲಿ ಅದ್ದಿದೆ, ಮಸಿ ಒಣಗಿತು, ಮತ್ತೆ ಅದ್ದಿದೆ. ಎದುರಿನ ಟೇಬಲ್ಲಿನಲ್ಲಿ ಅವನು ತಲೆ ಬಗ್ಗಿಸಿ ಏನೋ ನಕಲು ಮಾಡುತ್ತಿದ್ದ, ಒಮ್ಮೆಯೂ ನನ್ನತ್ತ ನೋಡಲಿಲ್ಲ. ನಾಲ್ಕು ಗಂಟೆಯಾದರೂ ನಾನು ಒಂದಕ್ಷರ ಬರೆದಿರಲಿಲ್ಲ. ಸಾಹೇಬರೇ ಕರೆಸಿದರು.

ಕುರ್ಚಿ ತೋರಿಸಿದರು. ಕುಳಿತೆ.

“ಇದು ನಿಜವೋ ಸುಳ್ಳೋ?” ಎಂದು ನೇರವಾಗಿ ಕೇಳಿದರು.

ನಾಲಿಗೆಯ ತುದಿಗೆ ಯಾವ ಮಾತು ಬಂದಿತ್ತೋ ದೇವರಿಗೇ ಗೊತ್ತು. ಹೊರಗೆ ಬಂದದ್ದು, “ಸುಳ್ಳು ಸರ್.”

“ನಾನೂ ಹಾಗೇ ಅಂದುಕೊಂಡೆ,” ಎಂದು ಸಾಹೇಬರು ಕಾಗದವನ್ನು ಒಂದು ಸಲ ನೋಡಿ, ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ಆಮೇಲೆ ಡ್ರಾವರಿನಿಂದ ಇನ್ನೊಂದು ಕಾಗದ ತೆಗೆದು ನನ್ನ ಮುಂದೆ ಸರಿಸಿದರು. ಮುಂಬಯಿಗೆ ಕಳಿಸಿದ ಗುಪ್ತ ಪತ್ರದ ಪ್ರತಿ, ಅದರ ಮೇಲೆ ಬಂದ ಒಪ್ಪಿಗೆ. ಈ ಕಚೇರಿ ಇಬ್ಬರಿಲ್ಲದೆ ನಡೆಯುವುದಿಲ್ಲ, ಯಾವ ಹುದ್ದೆಯನ್ನೂ ಕಡಿಯಬಾರದು. ಹೆಡ್ ಕ್ಲರ್ಕಿನ ಅನುಭವ ಅಪರೂಪದ್ದು, ಐವತ್ತೈದಾದ ಮೇಲೂ ಅವರನ್ನು ಎರಡು ವರ್ಷ ಮುಂದುವರಿಸಬೇಕು.

“ನಿಮ್ಮ ವಯಸ್ಸು ಕೇಳಿದ್ದು ಇದಕ್ಕೇ,” ಎಂದರು. “ಒಪ್ಪಿಗೆ ಬರುವವರೆಗೆ ಹೇಳುವಂತಿರಲಿಲ್ಲ. ಕಚೇರಿಯಲ್ಲಿ ಟೈಪಿಗೆ ಕೊಟ್ಟರೆ ನಿಮಗೆ ತಿಳಿಯುತ್ತದೆಂದು ಎರಡು ರವಿವಾರ ದಿಗಂಬರನನ್ನು ಬಂಗಲೆಗೆ ಕರೆಸಿ ಟೈಪು ಮಾಡಿಸಿದೆ. ನಿಮ್ಮ ಕೆಲಸದ ಬಗ್ಗೆ ಎಷ್ಟೋ ಸಂಗತಿ ಅವನೇ ಹೇಳಿದ.”

ಏನಾದರೂ ಮಾತಾಡಬೇಕಲ್ಲ ಎಂದು, ಕೇಳಬಾರದ್ದನ್ನು ಕೇಳಿಬಿಟ್ಟೆ. “ಸರ್, ನನ್ನ ಫೈಲಿನ ಮೇಲೆ ಮಾತ್ರ ತಾವು ಪ್ಲೀಸ್ ಎಂದು ಬರೆಯುತ್ತೀರಲ್ಲ...”

“ಹಾಗೋ?” ಸಾಹೇಬರು ಸ್ವಲ್ಪ ಕೆಂಪಾದರು. “ನನಗೆ ಗೊತ್ತೇ ಆಗಿರಲಿಲ್ಲ. ನೀವು ನನ್ನ ತಂದೆಯ ವಯಸ್ಸಿನವರು. ಕೈ ತಾನೇ ಬರೆದಿರಬೇಕು.”

ಇಷ್ಟೇ. ನಾಲ್ಕು ತಿಂಗಳು ನಾನು ಕೊರೆದು ಕೊರೆದು ನೋಡಿದ ಶಬ್ದದ ಒಳಗೆ ಇದ್ದದ್ದು ಇಷ್ಟೇ. ಹೊರಗೆ ಬಂದಾಗ ನಾಚಿಕೆಯಿಂದ ಮೈಯೆಲ್ಲ ಬೆವೆತಿತ್ತು. ನಾಚಿಕೆಯ ಹಿಂದೆಯೇ, ಮುಚ್ಚಿಡುವುದೇಕೆ, ಒಂದು ಸಮಾಧಾನವೂ ಬಂತು. ಅರ್ಜಿ ಬುಟ್ಟಿ ಸೇರಿತು, ಬರೆದವನು ಯಾರೆಂದು ಯಾರಿಗೂ ಗೊತ್ತಿಲ್ಲ. ನೀರಜಾಳ ಲಗ್ನಕ್ಕೆ ದಿಗಂಬರನಿಗೊಂದು ಜರಿ ರುಮಾಲು ಕೊಟ್ಟು ಮನಸ್ಸಿನಲ್ಲೇ ಪ್ರಾಯಶ್ಚಿತ್ತ ಮಾಡಿಕೊಂಡರಾಯಿತು ಎಂದುಕೊಂಡೆ.

ಸಂಜೆ ಇಬ್ಬರೂ ದಿನದಂತೆ ಜೊತೆಯಾಗಿ ಮನೆಗೆ ಹೊರಟೆವು. ಲಕಡಿ ಪೂಲಿನ ಮೇಲೆ ಬಂದೆವು. ಕೆಳಗೆ ಮುಠಾ ನದಿ ಕೆಂಪಗೆ ಹರಿಯುತ್ತಿತ್ತು.

“ಆ ಅರ್ಜಿ ನೋಡಿದ್ರೇನು, ರಾಯರ?” ಎಂದ.

“ನೋಡಿದೆ. ಯಾವನೋ ಹಲಕಟ್ಟ ಬರದಾನ. ಸಾಹೇಬ್ರು ಹರದು ಒಗದ್ರು. ನೀ ಮನಸಿಗೆ ಹಚ್ಚಿಕೋಬ್ಯಾಡ.”

“ಹಚ್ಚಿಕೊಳ್ಳೂದಿಲ್ರಿ.” ನಾಲ್ಕು ಹೆಜ್ಜೆ ನಡೆದ. “ಕಾಗದದ ಎಡಕ್ಕ ನಾಕು ಬೆರಳು ಮಡಚಿ ಬಿಟ್ಟಿದ್ರು. ಮತ್ತ ಮೊದಲನೇ ಪ್ಯಾರಾಕ್ಕ ನಂಬರ್ ಇರಲಿಲ್ಲ. ಎರಡನೇದಕ್ಕ ಎರಡು ಅಂತಿತ್ತು, ಮೂರನೇದಕ್ಕ ಮೂರು.”

ನನ್ನ ಕಾಲು ನಿಂತಿತು.

ಸರ್ಕಾರಿ ಪತ್ರ ಬರೆಯುವ ಕ್ರಮ ಅದು. ಮೊದಲ ಪ್ಯಾರಾಕ್ಕೆ ಅಂಕೆ ಹಾಕುವುದಿಲ್ಲ, ಎಣಿಕೆ ಎರಡರಿಂದ ಸುರುವಾಗುತ್ತದೆ. ಏಕೆ ಎಂದು ಯಾರಿಗೂ ತಿಳಿಯದು. ಹೊರಗಿನ ಜನರಲ್ಲಿ ಹಾಗೆ ಬರೆಯುವವರೇ ಇಲ್ಲ. ದಿಗಂಬರ ಹೊಸದಾಗಿ ಸೇರಿದಾಗ ಮೊದಲ ಪ್ಯಾರಾಕ್ಕೆ ಒಂದು ಎಂದು ಹಾಕುತ್ತಿದ್ದ. ಕೆಂಪು ಮಸಿಯಲ್ಲಿ ಹೊಡೆದು ಹೊಡೆದು ಆ ರೂಢಿ ಬಿಡಿಸಿದವನು ನಾನು. ಎಡಗೈಯಲ್ಲಿ ಬರೆದೆ, ಬಜಾರಿನ ಕಾಗದ ತಂದೆ, ಕ್ಯಾಂಪಿನವರೆಗೆ ನಡೆದೆ. ಆದರೆ ಮಡಚುವ ಕೈ, ಎಣಿಸುವ ಕೈ ಮೂವತ್ತು ವರ್ಷದ ಗುಮಾಸ್ತನದೇ ಆಗಿತ್ತು. ಸಾಹೇಬರು ಇದನ್ನು ಗಮನಿಸಿದ್ದರೋ ಇಲ್ಲವೋ, ಇವತ್ತಿಗೂ ನನಗೆ ಸಂಶಯ.

“ದಿಗಂಬರಾ...” ಎಂದೆ.

“ನಾ ಯಾರ ಮುಂದೂ ಹೇಳೂದಿಲ್ರಿ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಾಲಿಗೆ ಬಿದ್ದಾದರೂ ಮುಗಿಸಿಕೊಳ್ಳುತ್ತಿದ್ದೆ. ಅವನು ಮುಂದೆ ನಡೆದ, ನಾನು ಹಿಂದೆ ಉಳಿದೆ.

ಅವನು ಮಾತು ಉಳಿಸಿಕೊಂಡ. ಕಚೇರಿಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ, ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪು ಮಾಡಲಿಲ್ಲ. ಅಡಿಗೆಮನೆಗೆ ಮಾತ್ರ ಬರುವುದು ನಿಂತಿತು. ಗೋದಾ ಕೇಳಿದಾಗಲೆಲ್ಲ, ಕೆಲಸ ಭಾಳ ಅದ ಎಂದು ನಾನೇ ಅವನ ಪರವಾಗಿ ಸುಳ್ಳು ಹೇಳಿದೆ. ಪುಷ್ಯ ಮಾಸ ಬಂತು. ಲಗ್ನಕ್ಕೆ ಕರೆಯಲು ಹೊರಡುವ ಹೊತ್ತು. ಮೊದಲು ದಿಗಂಬರನ ಮನೆಯಿಂದಲೇ ಸುರು ಮಾಡೋಣ ಎಂದಳು ಗೋದಾ. “ಅವರನ್ನ ಕರೀಲಿಕ್ಕೆ ಹೋಗೂದೇನು, ಮನಿಯವರs. ಆದ್ರೂ ಕುಂಕುಮ ಹಚ್ಚಿ ಬರೋಣು, ಇಂದೂಗ ಸಂತೋಷ ಆಗ್ತದ.”

ಅಂಗಳ ದಾಟಿದೆವು. ನಾನು ಹೊಸ್ತಿಲಲ್ಲೇ ನಿಂತೆ. ದಿಗಂಬರ ನೆಲದ ಮೇಲೆ ಕುಳಿತು ಏನೋ ಓದುತ್ತಿದ್ದವನು ನನ್ನನ್ನು ನೋಡಿ ಎದ್ದ. ಒಳಗೆ ಹೋಗಿ, ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಎತ್ತಿ ತಂದ. ಹೆಗಲ ಮೇಲಿನ ಪಂಚೆಯಿಂದ ಅದನ್ನು ಒರೆಸಿದ.

“ಬರ್ರಿ, ರಾಯರ,” ಎಂದ. “ಪ್ಲೀಸ್, ಕೂಡ್ರಿ.”

ಕುಳಿತೆ. ಇಂದೂ ತಟ್ಟೆಯಲ್ಲಿಟ್ಟು ನೀರು ತಂದಳು. ಕುಡಿದೆ. ಗೋದಾ ಕುಂಕುಮದ ಭರಣಿ ಹಿಡಿದುಕೊಂಡು ಒಮ್ಮೆ ಅವನ ಮುಖ, ಒಮ್ಮೆ ಕುರ್ಚಿಯ ಮೇಲಿದ್ದ ನನ್ನ ಮುಖ ನೋಡಿದಳು. ಕುಂಕುಮ ಹಚ್ಚಿದಳು, ಕರೆದಳು. ಖಂಡಿತ ಬರ್ತೀವಿ ಎಂದು ಗಂಡಹೆಂಡತಿ ಕೈ ಮುಗಿದರು. ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಅಂಗಳದ ನಡುವೆ ಗೋದಾ ನಿಂತಳು. ನನ್ನ ತೋಳು ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

“ಅವಗ ಏನ ಮಾಡೀರಿ ನೀವು?” ಎಂದಳು.